ಕಲ್ಲಿನಲ್ಲಿಲ್ಲದ ಗೆರೆ

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ನೋಡಲು ಹೋಗಿದ್ದೆ. ನಾವಿರುವುದು ತಣಿಸಂದ್ರದಲ್ಲಿ. ರಿಂಗ್ ರೋಡಿನ ದಟ್ಟಣೆ ಬಿಟ್ಟರೆ ಹೆಬ್ಬಾಳ ದೂರವೇನಲ್ಲ. ಆದರೂ ಆ ಕಲ್ಲಿನ ವಿಷಯ ಓದಿ ಬಹಳ ದಿನ ಕಳೆದ ಮೇಲೆಯೇ ಹೋದದ್ದು. ಗಂಗರ ಶ್ರೀಪುರುಷನ ಕಾಲದ ವೀರಗಲ್ಲು ಅದು. ಸುಮಾರು 750ನೇ ಇಸವಿಯದು, ಬೆಂಗಳೂರಿನ ಅತಿ ಹಳೆಯ ಶಾಸನಗಳಲ್ಲಿ ಒಂದು. ನೆಲದಡಿಯಲ್ಲಿದ್ದದ್ದು 2018ರಲ್ಲಿ ಬೆಳಕಿಗೆ ಬಂತು. ಊರಿಗಾಗಿ ಹೋರಾಡಿ ಸತ್ತ ಕಿತ್ತಯ್ಯ ಎಂಬುವನ ಹೆಸರು ಅದರಲ್ಲಿದೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಯಾರೋ ಉಳಿಯಿಂದ ಕೊರೆದ ಗೆರೆಗಳ ಮುಂದೆ ನಿಂತು ಫೋನಿನಲ್ಲಿ ಒಂದಷ್ಟು ಚಿತ್ರ ತೆಗೆದುಕೊಂಡು ಬಂದೆ.

ನನ್ನ ಕೆಲಸ ಕಂಪ್ಯೂಟರ್ ಗ್ರಾಫಿಕ್ಸಿನದು. ಕೈ ಸುಮ್ಮನಿರಲಿಲ್ಲ. ಆ ಚಿತ್ರಗಳನ್ನು ಜೋಡಿಸಿ 4096 ಪಿಕ್ಸೆಲ್ ಅಗಲದ ಒಂದು ದೊಡ್ಡ ಚಿತ್ರ ಮಾಡಿದೆ. ಅಕ್ಷರ ಅಕ್ಷರವನ್ನೂ ಹಿಗ್ಗಿಸಿ ನೋಡುವಂತೆ ಬ್ರೌಸರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅಷ್ಟು ದೊಡ್ಡ ಚಿತ್ರವನ್ನು ಒಂದೇ ಏಟಿಗೆ ತೆರೆದರೆ ಸಣ್ಣ ಫೋನುಗಳು ಮುಗ್ಗರಿಸುತ್ತವೆ. ಅದಕ್ಕೆ ಎಲ್ಲರೂ ಮಾಡುವಂತೆ ಚಿತ್ರವನ್ನು 256 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿದೆ. ಅಡ್ಡಕ್ಕೆ ಹದಿನಾರು ಚೌಕ. ನೆಲಕ್ಕೆ ಟೈಲ್ಸ್ ಹಾಕಿದಂತೆ ಪಕ್ಕಪಕ್ಕಕ್ಕೆ ಕೂರಿಸಿದರೆ ಕಲ್ಲು ಮತ್ತೆ ಒಂದಾಗಬೇಕು.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಹಳಗನ್ನಡ ಲಿಪಿಯನ್ನು ತಮ್ಮ ಪಾಡಿಗೆ ತಾವೇ ಕಲಿತವರು. ಸಂಜೆ ಅವರಿಗೆ ಲ್ಯಾಪ್‌ಟಾಪ್ ತೋರಿಸಿದೆ. ಕನ್ನಡಕ ಮೇಲೆ ಮಾಡಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಅಕ್ಷರದ ಬದಿಗೆ ಬೆರಳಿಟ್ಟು, "ಇಲ್ಲೊಂದು ಕಡ್ಡಿ ಇದೆಯಲ್ಲಮ್ಮ, ಇದು ಕಲ್ಲಿನದೋ ನಿನ್ನ ಕಂಪ್ಯೂಟರಿನದೋ?" ಎಂದರು.

ನೋಡಿದೆ. ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ. ಕಲ್ಲಿನಲ್ಲಿ ಅದಿರಲಿಲ್ಲ.

ಸಿನಿಮಾದಲ್ಲೋ ಆಟದಲ್ಲೋ ಇಂಥ ಗೆರೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಾಸನ ಓದುವವರಿಗೆ ಮಾತ್ರ ಒಂದು ಗೆರೆ ಎಂದರೆ ಒಂದು ಅಕ್ಷರ. ಈಗಿನ ಅಚ್ಚಿನಲ್ಲೇ ನೋಡಿ, ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಸವೆದ ಕಲ್ಲಿನ ಮೇಲೆ ಒಂದು ಕಡ್ಡಿ ಹೆಚ್ಚಾದರೆ ಹೆಸರು ಬದಲಾಗಬಹುದು, ಊರು ಬದಲಾಗಬಹುದು. ಕಲ್ಲು ಹೇಳದ್ದನ್ನು ನನ್ನ ಪ್ರೋಗ್ರಾಂ ಹೇಳುತ್ತಿತ್ತು. ಅದಕ್ಕೆ ಕಾರಣ ಅರ್ಧ ಪಿಕ್ಸೆಲ್. ಆ ಅರ್ಧಕ್ಕೆ ಒಂದು ಚರಿತ್ರೆಯಿದೆ. ಅದರ ಹಳೆಯದೊಂದು ಅಧ್ಯಾಯ ನಮ್ಮ ತಣಿಸಂದ್ರದ ಆಸುಪಾಸಿನ ನೆಲದ ಮೇಲೆಯೇ ನಡೆದಿದೆ ಎಂಬುದು ಹುಡುಕುತ್ತಾ ಹೋದಾಗ ತಿಳಿಯಿತು.

ಗುಂಟೆ ಲೆಕ್ಕ, ಆಣೆ ಲೆಕ್ಕ

ಮೊದಲು ಲೆಕ್ಕ. ಒಂದು ಚಿತ್ರದೊಳಗಿನ ಜಾಗವನ್ನು ಎರಡು ಬಗೆಯಲ್ಲಿ ಹೇಳಬಹುದು. 'ಎಡದಿಂದ 1024ನೇ ಪಿಕ್ಸೆಲ್' ಎನ್ನುವುದು ಒಂದು ಬಗೆ. 'ಎಡದಿಂದ ಕಾಲು ಭಾಗದಷ್ಟು ಒಳಗೆ' ಎನ್ನುವುದು ಇನ್ನೊಂದು. ಮೊದಲನೆಯದು ಎಣಿಕೆ, ಎರಡನೆಯದು ಪಾಲು. ಎರಡನೆಯ ಬಗೆಯಲ್ಲಿ ಚಿತ್ರ ಎಷ್ಟೇ ದೊಡ್ಡದಿರಲಿ, ಒಂದು ಅಂಚು ಸೊನ್ನೆ, ಇನ್ನೊಂದು ಅಂಚು ಒಂದು. ನಡುವಿನದೆಲ್ಲ ಭಿನ್ನರಾಶಿ. ಗ್ರಾಫಿಕ್ಸಿನವರು ಇದನ್ನು ನಾರ್ಮಲೈಸ್ಡ್ ಎನ್ನುತ್ತಾರೆ. ಅಡ್ಡಕ್ಕಿರುವ ಪಾಲಿಗೆ ಯು, ಉದ್ದಕ್ಕಿರುವ ಪಾಲಿಗೆ ವಿ ಎಂದು ಹೆಸರು.

ನಮಗೆ ಇದು ಹೊಸದಲ್ಲ. ಜಮೀನಿನ ಮಾತಿನಲ್ಲಿ ಈ ಎರಡೂ ಲೆಕ್ಕ ಇವೆ. ಎರಡು ಎಕರೆ ಹತ್ತು ಗುಂಟೆ ಎನ್ನುವುದು ಎಣಿಕೆ. ನಾಲ್ಕಾಣೆ ಪಾಲು ಎನ್ನುವುದು ಆಣೆ ಲೆಕ್ಕ. ಜಮೀನು ಐದು ಗುಂಟೆಯಿರಲಿ ಐವತ್ತು ಎಕರೆಯಿರಲಿ, ನಾಲ್ಕಾಣೆ ಎಂದರೆ ಕಾಲು ಭಾಗವೇ. ರೂಪಾಯಿಗೆ ನೂರು ಪೈಸೆಯಾಗಿ ದಶಕಗಳು ಕಳೆದರೂ ನಾವು ಪೂರ್ತಿ ನಿಜವಾದ ಮಾತನ್ನು ಹದಿನಾರಾಣೆ ಸತ್ಯ ಎನ್ನುತ್ತೇವೆ. ಗ್ರಾಫಿಕ್ಸಿನ ಒಂದು ಎಂದರೆ ಈ ಹದಿನಾರಾಣೆ.

ಪಾಲಿನ ಲೆಕ್ಕಕ್ಕೆ ಒಂದು ಅನುಕೂಲವಿದೆ, ಒಂದು ಅಪಾಯವಿದೆ. ಒಟ್ಟು ಎಷ್ಟು ಎಂದು ಗೊತ್ತಿಲ್ಲದೆಯೇ ಮಾತಾಡಬಹುದು ಎನ್ನುವುದು ಅನುಕೂಲ. ಅಪಾಯವೂ ಅದೇ. ಪಾಲನ್ನು ಮತ್ತೆ ಗುಂಟೆಗೆ ಇಳಿಸುವ ದಿನ ಬಂದಾಗ ಒಟ್ಟು ಎಷ್ಟು, ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಿರಲೇಬೇಕು. ಅಣ್ಣತಮ್ಮಂದಿರ ಜಗಳ ಪಾಲು ಒಪ್ಪುವಾಗ ಹುಟ್ಟುವುದು ಕಡಿಮೆ. ಕಲ್ಲು ನೆಡುವಾಗ ಹುಟ್ಟುತ್ತದೆ. ಬದು ಯಾರದು? ಅಳತೆ ಬದುವಿನ ಈಚೆಯಿಂದಲೋ ಆಚೆಯಿಂದಲೋ, ನಡುವಿನಿಂದಲೋ? ನನ್ನ ಪರದೆಯ ಮೇಲೆ ಬಂದ ಕಪ್ಪು ಗೆರೆಯೂ ಬದುವಿನ ವ್ಯಾಜ್ಯವೇ.

ಸೊನ್ನೆಯಿಂದ ಒಂದರವರೆಗೆ

ಚಿತ್ರವನ್ನು ಎಣಿಸಬಹುದಾದ ಚುಕ್ಕೆಗಳಾಗಿ ಒಡೆಯುವ ಕೆಲಸ 1957ರಲ್ಲಿ ಶುರುವಾಯಿತು ಎನ್ನಬಹುದು. ಅಮೆರಿಕದ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕರ್ಶ್ ತಮ್ಮ ಎಳೆ ಮಗನ ಫೋಟೋವನ್ನು ಕಂಪ್ಯೂಟರಿಗೆ ಏರಿಸಿದರು. ಅದು ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆಗಳ ಚಿತ್ರ. ಪಿಕ್ಸೆಲ್ ಎಂಬ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ, ಬಾಹ್ಯಾಕಾಶ ನೌಕೆಗಳು ಕಳಿಸಿದ ಚಿತ್ರಗಳ ಕೆಲಸದಲ್ಲಿದ್ದ ಫ್ರೆಡ್ ಬಿಲಿಂಗ್ಸ್‌ಲಿ ಅವರ ಬರಹದಲ್ಲಿ. ಇದೆಲ್ಲ ಗುಂಟೆಯ ಲೆಕ್ಕ.

ಆಣೆಯ ಲೆಕ್ಕ ಬಂದದ್ದು ಬೇರೆ ದಾರಿಯಿಂದ, ಕಾರು ಮತ್ತು ವಿಮಾನಗಳ ಮೈ ರೂಪಿಸುವವರಿಂದ. 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಾರ್ಖಾನೆಯ ಪಿಯೇರ್ ಬೆಜಿಯೇ, ಅಮೆರಿಕದ ಎಂಐಟಿಯ ಸ್ಟೀವನ್ ಕೂನ್ಸ್ ಮೊದಲಾದವರು ಬಾಗಿದ ಮೇಲ್ಮೈಯನ್ನು ಸಣ್ಣ ಸಣ್ಣ ತೇಪೆಗಳಾಗಿ ಬರೆದರು. ತೇಪೆ ಎಷ್ಟೇ ಬಾಗಿರಲಿ, ಅದರ ಒಂದು ಅಂಚಿನಲ್ಲಿ ಸೊನ್ನೆ, ಎದುರಿನ ಅಂಚಿನಲ್ಲಿ ಒಂದು. ರೊಟ್ಟಿಯನ್ನು ಹೇಗೆ ಮಡಿಸಿದರೂ ಅದರ ನಡು ನಡುವೇ ಆಗಿರುವಂತೆ.

ಈ ಎರಡು ದಾರಿಗಳು 1974ರಲ್ಲಿ ಕೂಡಿದವು. ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಕ್ಯಾಟ್‌ಮಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ, ಬಾಗಿದ ತೇಪೆಯ ಮೇಲೆ ಒಂದು ಚಿತ್ರವನ್ನು ಅಂಟಿಸುವ ಬಗೆ ತೋರಿಸಿದರು. ತೇಪೆಯಲ್ಲಿ ಕಾಲು ಭಾಗ ಒಳಗಿರುವ ಜಾಗಕ್ಕೆ ಚಿತ್ರದಲ್ಲೂ ಕಾಲು ಭಾಗ ಒಳಗಿರುವ ಬಣ್ಣ. ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಕ್ಯಾಟ್‌ಮಲ್ ಇವರೇ. ಎರಡು ವರ್ಷದ ನಂತರ, 1976ರಲ್ಲಿ, ಜಿಮ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂಯೆಲ್ ಅದನ್ನು ಇನ್ನಷ್ಟು ಬೆಳೆಸಿದರು. ಹೀಗೆ ಅಂಟಿಸುವ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರಾಯಿತು.

ಪಾಲಿನ ಲೆಕ್ಕ ಏಕೆ ಗೆದ್ದಿತು ಎಂಬುದಕ್ಕೆ ಇನ್ನೊಂದು ಕಾರಣ 1983ರಲ್ಲಿ ಸಿಕ್ಕಿತು. ದೂರದ ವಸ್ತುವಿಗೆ ದೊಡ್ಡ ಚಿತ್ರ ಬೇಡ, ಸಣ್ಣದು ಸಾಕು. ಲ್ಯಾನ್ಸ್ ವಿಲಿಯಮ್ಸ್ ಒಂದೇ ಚಿತ್ರದ ಪ್ರತಿಗಳನ್ನು ಅರ್ಧ, ಅದರರ್ಧ, ಅದರರ್ಧ ಎಂದು ಇಳಿಸಿ ಗೋಪುರದಂತೆ ಪೇರಿಸಿಡುವ ಉಪಾಯ ಹೇಳಿದರು. 512, 256, 128 ಹೀಗೆ. 'ನೂರನೇ ಪಿಕ್ಸೆಲ್' ಎಂದರೆ ಈ ಪ್ರತಿಯೊಂದರಲ್ಲೂ ಬೇರೆ ಬೇರೆ ಜಾಗ. 'ನಾಲ್ಕಾಣೆ ಒಳಗೆ' ಎಂದರೆ ಎಲ್ಲದರಲ್ಲೂ ಒಂದೇ ಜಾಗ. 1992ರಲ್ಲಿ ಓಪನ್‌ಜಿಎಲ್ ಬಂದಾಗ ಟೆಕ್ಸ್ಚರಿನ ವಿಳಾಸ ಸೊನ್ನೆಯಿಂದ ಒಂದರವರೆಗೆ ಎಂಬುದು ಪದ್ಧತಿಯಾಗಿಬಿಟ್ಟಿತ್ತು.

ಈಗ ನಮ್ಮ ಫೋನಿನೊಳಗಿನ ಗ್ರಾಫಿಕ್ಸ್ ಚಿಪ್ ಪರದೆಯ ಪ್ರತಿ ಚುಕ್ಕೆಗೂ ಒಂದು ಪುಟಾಣಿ ಪ್ರೋಗ್ರಾಂ ಓಡಿಸುತ್ತದೆ. ಅದೇ ಶೇಡರ್. ಅದು ಕೇಳುವುದು ಒಂದೇ ಪ್ರಶ್ನೆ: ಈ ಚುಕ್ಕೆಗೆ ಟೆಕ್ಸ್ಚರಿನ ಯಾವ ಜಾಗದ ಬಣ್ಣ? ಪ್ರಶ್ನೆ ಆಣೆಯಲ್ಲಿರುತ್ತದೆ, ಉತ್ತರವಿರುವುದು ಗುಂಟೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಒಂದೇ ಒಂದು ಭಾಗಾಕಾರ. ತಪ್ಪುವುದೂ ಅಲ್ಲೇ.

ಚುಕ್ಕಿಯೋ ಮನೆಯೋ

ನಮ್ಮಮ್ಮ ಧನುರ್ಮಾಸದಲ್ಲಿ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುತ್ತಿದ್ದರು. 'ಎಂಟು ಚುಕ್ಕಿ ಎಂಟು ಸಾಲು' ಎಂದರೆ ನೇರ ಚುಕ್ಕಿ. 'ಹದಿನೈದರಿಂದ ಎಂಟು, ಸಂದು ಚುಕ್ಕಿ' ಎಂದರೆ ನಡುವಿನ ಸಾಲಿನಲ್ಲಿ ಹದಿನೈದು. ಅದರ ಮೇಲೂ ಕೆಳಗೂ ಸಂದಿಗೊಂದರಂತೆ ಹದಿನಾಲ್ಕು, ಹಾಗೇ ಎಂಟರವರೆಗೆ. ಸಂದು ಚುಕ್ಕಿಯ ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಅರ್ಧ ಜರುಗಿರುತ್ತದೆ. ನಾನು ಚಿಕ್ಕವಳಿದ್ದಾಗ ಈ ಅರ್ಧವನ್ನು ಮರೆತು ನೇರಕ್ಕೆ ಇಟ್ಟುಬಿಡುತ್ತಿದ್ದೆ. ಕೊನೆಗೆ ಬಳ್ಳಿ ಕೂಡುತ್ತಿರಲಿಲ್ಲ. ಅಮ್ಮ ಸೀರೆಯ ಸೆರಗಿನಿಂದ ಒರೆಸಿ, "ಸಂದು ನೋಡ್ಕೊಂಡು ಇಡೇ" ಎನ್ನುತ್ತಿದ್ದರು.

ಎಂಟು ಚುಕ್ಕಿಯ ಸಾಲನ್ನು ನೆನೆಸಿಕೊಳ್ಳಿ. ಚುಕ್ಕಿ ಎಂಟು, ನಡುವಿನ ಸಂದು ಏಳು. ಈಗ ಅದೇ ಸಾಲನ್ನು ಚೌಕಾಬಾರದ ಮನೆಗಳಂತೆ ಎಂಟು ಮನೆ ಎಂದುಕೊಳ್ಳಿ. ಮನೆ ಎಂಟು, ಅವನ್ನು ಕಾಯುವ ಗೆರೆ ಒಂಬತ್ತು. ಏಳು, ಎಂಟು, ಒಂಬತ್ತು. ಪಿಕ್ಸೆಲ್ಲಿನ ಸಂಖ್ಯೆಯನ್ನು ಪಾಲಿಗೆ ತಿರುಗಿಸುವಾಗ ಯಾವುದರಿಂದ ಭಾಗಿಸಬೇಕು? ಸಾಲು ಶುರುವಾಗುವುದು ಮೊದಲ ಚುಕ್ಕಿಯಲ್ಲೋ, ಮೊದಲ ಮನೆಯ ಗೋಡೆಯಲ್ಲೋ?

ಇದಕ್ಕೆ ನೇರವಾದ ಉತ್ತರವನ್ನು ಅಚ್ಚಿನಲ್ಲಿ ಕೊಟ್ಟವರು ಪಾಲ್ ಹೆಕ್‌ಬರ್ಟ್. 1990ರಲ್ಲಿ ಬಂದ ಗ್ರಾಫಿಕ್ಸ್ ಜೆಮ್ಸ್ ಎಂಬ ಸಂಕಲನದಲ್ಲಿ ಅವರ ಪುಟ್ಟ ಲೇಖನವಿದೆ. ಪಿಕ್ಸೆಲ್ಲಿನ ವಿಳಾಸ ಯಾವುದು ಎಂಬುದೇ ಅದರ ವಿಷಯ. ಎಣಿಕೆ ಬೇರೆ, ಜಾಗ ಬೇರೆ ಎನ್ನುತ್ತಾರೆ ಅವರು. ಮೂರನೇ ನಂಬರಿನ ಪಿಕ್ಸೆಲ್ ಎಂದರೆ ಮೂರರಿಂದ ನಾಲ್ಕರವರೆಗಿನ ಮನೆ. ಅದರ ಚುಕ್ಕಿ ಇರುವುದು ನಡುವೆ, ಮೂರೂವರೆಯಲ್ಲಿ. ಆದ್ದರಿಂದ ಸೂತ್ರ ಹೀಗಾಗುತ್ತದೆ: ಸೊನ್ನೆಯಿಂದ ಎಣಿಸಿದ ಪಿಕ್ಸೆಲ್ ಸಂಖ್ಯೆಗೆ ಅರ್ಧ ಕೂಡಿಸು, ಅಗಲದಿಂದ ಭಾಗಿಸು. ಎಂಟು ಅಗಲದ ಚಿತ್ರದಲ್ಲಿ ಮೂರನೇ ನಂಬರಿನ ಪಾಲು ಮೂರೂವರೆಯ ಎಂಟನೇ ಒಂದು, ಅಂದರೆ 0.4375. ಹಿಂದಕ್ಕೆ ಬರುವಾಗ ಪಾಲನ್ನು ಅಗಲದಿಂದ ಗುಣಿಸಿ ಭಿನ್ನರಾಶಿ ಕಿತ್ತುಹಾಕು. 0.4375ನ್ನು ಎಂಟರಿಂದ ಗುಣಿಸಿದರೆ 3.5, ಉಳಿಯುವುದು ಮೂರು.

ಅರ್ಧವನ್ನು ಬಿಟ್ಟರೆ ಏನಾಗುತ್ತದೆ? ಮೂರನ್ನು ಎಂಟರಿಂದ ಭಾಗಿಸಿದರೆ 0.375. ಅದು ಎರಡನೇ ಮನೆಗೂ ಮೂರನೇ ಮನೆಗೂ ನಡುವಿನ ಗೋಡೆ. ಚಿಪ್ ಚುಕ್ಕಿಯಿಂದ ಚುಕ್ಕಿಗೆ ಬಣ್ಣವನ್ನು ಬೆರೆಸಿಕೊಂಡು ಹೋಗುತ್ತದೆ. ಗೋಡೆಯ ಮೇಲೆ ನಿಂತು ಕೇಳಿದರೆ ಎಡಮನೆಯದು ಎಂಟಾಣೆ, ಬಲಮನೆಯದು ಎಂಟಾಣೆ. ಒಂದು ಬಿಳಿ ಇನ್ನೊಂದು ಕಪ್ಪಾಗಿದ್ದರೆ ಸಿಗುವುದು ಬೂದು. ಚಿತ್ರವೆಲ್ಲ ಕಣ್ಣಿಗೆ ಪೊರೆ ಬಂದಂತೆ ಮಸುಕಾಗುತ್ತದೆ. ತಪ್ಪು ಎಲ್ಲಿ ಎಂದು ಮಾತ್ರ ಕಾಣುವುದಿಲ್ಲ.

1995ರಲ್ಲಿ ಆಲ್ವಿ ರೇ ಸ್ಮಿತ್ ಇದನ್ನೇ ಇನ್ನಷ್ಟು ಖಾರವಾಗಿ ಬರೆದರು. ಪಿಕ್ಸೆಲ್ ಎಂದರೆ ಪುಟ್ಟ ಚೌಕವಲ್ಲ, ಒಂದು ಬಿಂದುವಿನಲ್ಲಿ ತೆಗೆದ ಮಾದರಿ ಎಂಬುದು ಅವರ ವಾದ. ಹಿಗ್ಗಿಸಿದಾಗ ಕಾಣುವ ಚೌಕ ತೋರಿಸುವ ಯಂತ್ರದ್ದು, ಚಿತ್ರದ್ದಲ್ಲ. ಅಮ್ಮನ ಮಾತಿನಲ್ಲಿ ಹೇಳುವುದಾದರೆ ನಿಜವಾದದ್ದು ಚುಕ್ಕಿ, ಮನೆ ನಾವು ಕಟ್ಟಿಕೊಂಡದ್ದು.

ಇಷ್ಟಾದರೂ ಜಗಳ ಮುಗಿಯಲಿಲ್ಲ. 2002ರಲ್ಲಿ ಬಂದ ಮೈಕ್ರೋಸಾಫ್ಟಿನ ಡೈರೆಕ್ಟ್3ಡಿ 9ರಲ್ಲಿ ಟೆಕ್ಸ್ಚರಿನ ಚುಕ್ಕಿಗಳು ಅರ್ಧದಲ್ಲಿದ್ದವು, ಪರದೆಯ ಚುಕ್ಕಿಗಳು ಪೂರ್ಣಾಂಕದಲ್ಲಿದ್ದವು. ಒಂದರ ಮೇಲೊಂದು ಸರಿಯಾಗಿ ಇಟ್ಟರೂ ಅರ್ಧ ಜರುಗುತ್ತಿತ್ತು. ಕೈಯಾರೆ ಅರ್ಧ ಹಿಂದಕ್ಕೆ ತಳ್ಳಬೇಕಿತ್ತು. ವಿಂಡೋಸ್ ವಿಸ್ಟಾದ ಜೊತೆಗೆ ಬಂದ ಡೈರೆಕ್ಟ್3ಡಿ 10ರಲ್ಲಿ ಇದನ್ನು ಸರಿಪಡಿಸಿದರು. ಆಗ ಹಳೆಯ ಪ್ರೋಗ್ರಾಂಗಳಲ್ಲಿ ಕೂತಿದ್ದ ಅರ್ಧಗಳೇ ತಪ್ಪಾದವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೆಯ ಪ್ರೋಗ್ರಾಮಿನಲ್ಲಿ 0.5 ಎಂಬ ಸಂಖ್ಯೆಯ ಪಕ್ಕ 'ತೆಗೆಯಬೇಡಿ' ಎಂದಷ್ಟೇ ಟಿಪ್ಪಣಿ ನೋಡಿದ್ದೆ. ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ಹಾಕಿದ ನಿಂಬೆಹಣ್ಣನ್ನು ಬಾಗಿಲಿನಿಂದ ತೆಗೆಯುವ ಧೈರ್ಯ ಯಾರಿಗಿದೆ? ನಾವೂ ತೆಗೆಯಲಿಲ್ಲ.

ಮೇಖ್ರಿ ವೃತ್ತದಿಂದ ಕಣ್ಣೂರಿಗೆ

ಚುಕ್ಕಿಯಿಂದ ಅಳೆಯಬೇಕೋ ಅಂಚಿನಿಂದ ಅಳೆಯಬೇಕೋ ಎಂಬ ಪ್ರಶ್ನೆ ಕಂಪ್ಯೂಟರಿನದಲ್ಲ. ಅದು ಅಳತೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮೂರಿನ ಬಯಲಿನಲ್ಲಿ 1868ರಲ್ಲೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಯುದ್ಧದಲ್ಲಿದ್ದ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್, ಗೆದ್ದ ನೆಲವನ್ನು ತ್ರಿಕೋನಗಳ ಮೂಲಕ ಅಳೆಯುವ ಯೋಜನೆ ಮುಂದಿಟ್ಟ. ಇದೇ ಮುಂದೆ ಇಡೀ ಉಪಖಂಡಕ್ಕೆ ಹಬ್ಬಿದ ಮಹಾ ತ್ರಿಕೋನಮಿತಿ ಸರ್ವೆ. ಇದರ ಒಳಗುಟ್ಟೂ ಆಣೆ ಮತ್ತು ಗುಂಟೆಯದೇ. ತ್ರಿಕೋನದ ಮೂಲೆಗಳನ್ನು ದೂರದರ್ಶಕದಿಂದ ನೋಡಿ ಬರೆದುಕೊಂಡರೆ ತ್ರಿಕೋನದ ಆಕಾರ ಗೊತ್ತಾಗುತ್ತದೆ, ಗಾತ್ರ ಗೊತ್ತಾಗುವುದಿಲ್ಲ. ಒಂದು ಬದಿ ಇನ್ನೊಂದರ ಎಷ್ಟು ಪಾಲು ಎಂದು ಹೇಳಬಹುದು, ಎಷ್ಟು ಮೈಲಿ ಎಂದು ಹೇಳಲಾಗದು. ಪಾಲನ್ನು ಮೈಲಿಗೆ ಇಳಿಸಲು ಎಲ್ಲಾದರೂ ಒಂದು ಗೆರೆಯನ್ನು ನೆಲದ ಮೇಲೆ ನಿಜವಾಗಿ ಅಳೆಯಬೇಕು. ಅದೇ ಆಧಾರರೇಖೆ. ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆಯನ್ನು 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಅಳೆದ. ಏಳೂವರೆ ಮೈಲಿಗೆ ತುಸು ಕಡಿಮೆ. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ. ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ನಿಯೋಗ ಒಯ್ದಿದ್ದ ಕಾಣಿಕೆಗಳಲ್ಲಿ ಆ ಸರಪಳಿಯೂ ಒಂದು. ಅಲ್ಲಿ ಬೇಡವಾಗಿ ಇಂಡಿಯಾಕ್ಕೆ ಬಂದದ್ದು.

ಸರಪಳಿಯ ತುದಿ ಎಲ್ಲಿ ಬಿತ್ತೋ ಅಲ್ಲಿ ಗುರುತು. ಮುಂದಿನ ಸರಪಳಿ ಅಲ್ಲಿಂದ. ತುದಿಗೆ ತುದಿ. ಆದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಕೊಂಡಿಗಳು ಸವೆಯುತ್ತವೆ, ಎಳೆತಕ್ಕೆ ಉದ್ದವಾಗುತ್ತವೆ. ತುದಿ ಎಂಬುದು ನಂಬಿಕೆಗೆ ತಕ್ಕದ್ದಲ್ಲ.

ಈ ತೊಂದರೆಗೆ ಐರ್ಲೆಂಡಿನ ಸರ್ವೆಯಲ್ಲಿ ಥಾಮಸ್ ಕೋಲ್ಬಿ ಎಂಬ ಅಧಿಕಾರಿ ಒಂದು ಉಪಾಯ ಕಂಡುಹಿಡಿದ. ಅದನ್ನು 1830ರಲ್ಲಿ ಜಾರ್ಜ್ ಎವರೆಸ್ಟ್ ಇಂಡಿಯಾಕ್ಕೆ ತಂದ. ಒಂದು ಕಬ್ಬಿಣದ ಸರಳು, ಒಂದು ಹಿತ್ತಾಳೆಯ ಸರಳು, ನಡುವೆ ಬಿಗಿದು ಜೋಡಿಸಿದ್ದು. ಬಿಸಿಗೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎರಡರ ತುದಿಗಳಿಗೂ ಅಡ್ಡಲಾಗಿ ಒಂದು ಉಕ್ಕಿನ ನಾಲಗೆ. ಸರಳುಗಳು ಹಿಗ್ಗಿದಾಗ ನಾಲಗೆ ಓರೆಯಾಗುತ್ತದೆ. ಆದರೆ ನಾಲಗೆಯ ಮೇಲೆ ಒಂದು ಬಿಂದು ಮಾತ್ರ ಇದ್ದಲ್ಲೇ ಇರುತ್ತದೆ. ಅಲ್ಲೊಂದು ಚುಕ್ಕಿ ಕೊರೆದರು. ಎಡ ಚುಕ್ಕಿಯಿಂದ ಬಲ ಚುಕ್ಕಿಗೆ ಹತ್ತು ಅಡಿ. ಬಿಸಿಲಿರಲಿ ಚಳಿಯಿರಲಿ, ಹತ್ತೇ ಅಡಿ.

ಸರಳಿನ ತುದಿಗೆ ಇನ್ನು ಬೆಲೆಯಿಲ್ಲ, ಚುಕ್ಕಿಗಷ್ಟೇ ಬೆಲೆ. ಹಾಗಾದರೆ ಒಂದು ಸರಳಿನ ಕೊನೆಯ ಚುಕ್ಕಿಗೂ ಮುಂದಿನ ಸರಳಿನ ಮೊದಲ ಚುಕ್ಕಿಗೂ ನಡುವಿನ ಸಂದು? ಸರಳುಗಳನ್ನು ತಾಗಿಸಿದರೆ ಅಳತೆ ಅಲುಗುತ್ತದೆ. ಅದಕ್ಕೆ ಸಂದಿನ ಮೇಲೆ ಜೋಡಿ ಸೂಕ್ಷ್ಮದರ್ಶಕ ನಿಲ್ಲಿಸಿದರು. ಅದರ ಎರಡು ಕಣ್ಣುಗಳ ನಡುವೆ ಸರಿಯಾಗಿ ಆರು ಅಂಗುಲ. ಒಂದು ಕಣ್ಣು ಈ ಚುಕ್ಕಿಯ ಮೇಲೆ, ಇನ್ನೊಂದು ಆ ಚುಕ್ಕಿಯ ಮೇಲೆ. ಆರು ಸರಳು, ಆರು ಸಂದು ಸೇರಿ ಒಂದು ಸರದಿಗೆ 63 ಅಡಿ.

1831ರಿಂದ 1869ರವರೆಗೆ ಇಂಡಿಯಾದ ಹತ್ತು ಆಧಾರರೇಖೆಗಳನ್ನು ಈ ಸರಳುಗಳಿಂದ ಅಳೆದರು. ಅವುಗಳಲ್ಲಿ ಎರಡು ಇಂದಿನ ಕರ್ನಾಟಕದಲ್ಲಿವೆ. ಒಂದು 1841ರ ಬೀದರಿನದು. ಇನ್ನೊಂದು 1868ರ ಬೆಂಗಳೂರಿನದು. ಬೆಂಗಳೂರು ರೇಖೆಯ ನೈರುತ್ಯದ ತುದಿ ಮೇಖ್ರಿ ವೃತ್ತದ ಬಳಿ, ಈಶಾನ್ಯದ ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಡೆಯ ಕಣ್ಣೂರಿನಲ್ಲಿ. ನಡುವೆ ಸುಮಾರು ಏಳು ಮೈಲಿ. ಈಗಿನ ನಕ್ಷೆಯ ಮೇಲೆ ಅವೆರಡಕ್ಕೂ ಒಂದು ಗೆರೆ ಎಳೆದು ನೋಡಿ. ಹೆಬ್ಬಾಳ, ನಾಗವಾರಗಳ ಕಡೆಯಿಂದ ಹೊರಟು, ತಣಿಸಂದ್ರದ ಪಕ್ಕದಲ್ಲೇ ಹಾದುಹೋಗುತ್ತದೆ. ಈಗ ಟೆಕ್ ಪಾರ್ಕು, ಅಪಾರ್ಟ್‌ಮೆಂಟು, ರಾಚೇನಹಳ್ಳಿ ಕೆರೆಯ ಸುತ್ತ ನಡೆಯುವವರು ಇರುವ ಈ ಬಯಲಿನಲ್ಲಿ ಅಂದು ಜನ ಸರಳು ಹೊತ್ತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, 63 ಅಡಿ 63 ಅಡಿಯಾಗಿ ಮುಂದೆ ಸಾಗಿದ್ದರು. ಏಳು ಮೈಲಿಗೆ ಹತ್ತಿರ ಹತ್ತಿರ ಆರುನೂರು ಸರದಿ.

ಒಂದು ಲೆಕ್ಕ ಹಾಕಿ ನೋಡಿದೆ. ಅವರು ಸಂದನ್ನು ಮರೆತು, ಬರೀ ಸರಳನ್ನು ಎಣಿಸಿದ್ದರೆ ಎಷ್ಟು ತಪ್ಪುತ್ತಿತ್ತು? ಪ್ರತಿ ಹತ್ತೂವರೆ ಅಡಿಗೆ ಅರ್ಧ ಅಡಿ. ಅಂದರೆ ಇಪ್ಪತ್ತೊಂದರಲ್ಲಿ ಒಂದು ಪಾಲು. ಏಳು ಮೈಲಿಗೆ ಮೂರನೇ ಒಂದು ಮೈಲಿ. ಆ ತಪ್ಪು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಆ ಗೆರೆಯನ್ನು ನಂಬಿದ ಪ್ರತಿ ತ್ರಿಕೋನಕ್ಕೂ, ಆ ತ್ರಿಕೋನವನ್ನು ನಂಬಿದ ಪ್ರತಿ ನಕ್ಷೆಗೂ ಅಂಟುತ್ತಿತ್ತು. ಆರು ಅಂಗುಲವನ್ನು ಅವರು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಮೇಖ್ರಿ ವೃತ್ತದ ಬಳಿ ಆ ಗೋಪುರ ಉಳಿದುಕೊಂಡಿದೆ. ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುವವರು ಅದನ್ನು ಯಾರದೋ ಹಾಳು ಔಟ್‌ಹೌಸ್ ಎಂದುಕೊಂಡಿರಬಹುದು. ಅಲ್ಲಿ ಬೆಲೆಯಿದ್ದದ್ದು ಗೋಪುರಕ್ಕಲ್ಲ, ಅದು ಕಾಯುವ ಚುಕ್ಕಿಗೆ. ಗೋಪುರ ಚುಕ್ಕಿಯನ್ನು ಕಾಯಲು ಕಟ್ಟಿದ ಮನೆ.

ಸಂದಿನ ಲೆಕ್ಕ

ಈಗ ನನ್ನ ಕಪ್ಪು ಗೆರೆಗೆ ಬರೋಣ. ಒಂದೊಂದು ಚೌಕಕ್ಕೂ ನಾನು ಸೊನ್ನೆಯಿಂದ ಒಂದರವರೆಗೆ ವಿಳಾಸ ಕೊಟ್ಟಿದ್ದೆ. ಚೌಕದ ಎಡ ಅಂಚಿನಲ್ಲಿ, ಅಂದರೆ ಸೊನ್ನೆಯಲ್ಲಿ, ಶೇಡರ್ ಬಣ್ಣ ಕೇಳಿದಾಗ ಅದು ಮೊದಲ ಚುಕ್ಕಿಗಿಂತ ಅರ್ಧ ಹಿಂದೆ ನಿಂತಿರುತ್ತದೆ. ಬೆರೆಸಲು ಎಡಕ್ಕೆ ಇನ್ನೊಂದು ಚುಕ್ಕಿ ಬೇಕು. ಆ ಚುಕ್ಕಿ ಪಕ್ಕದ ಚೌಕದಲ್ಲಿದೆ, ಈ ಚೌಕಕ್ಕೆ ಅದು ಕಾಣದು. ಬೇರೆ ಹೇಳದಿದ್ದರೆ ಚಿಪ್ ಚಿತ್ರವನ್ನು ಬಳೆಯಂತೆ ಸುತ್ತಿಕೊಂಡಿದೆ ಎಂದು ತಿಳಿದು, ಅದೇ ಚೌಕದ ಬಲ ಅಂಚಿನ ಬಣ್ಣ ತಂದು ಬೆರೆಸುತ್ತದೆ. ಬಲ ಅಂಚಿನಲ್ಲಿ ಉಳಿ ಕೊರೆದ ಕಪ್ಪು ಇತ್ತು. ಅದರ ಎಂಟಾಣೆ ಪಾಲು ಎಡಕ್ಕೆ ಬಂದು ಕೂತಿತ್ತು. ಮೇಷ್ಟ್ರು ಬೆರಳಿಟ್ಟದ್ದು ಅದರ ಮೇಲೆ.

ಮೊದಲು ನಾನು ಸುಲಭದ ದಾರಿ ಹಿಡಿದೆ. ಬಳೆಯಂತೆ ಸುತ್ತಬೇಡ, ಅಂಚಿನ ಬಣ್ಣವನ್ನೇ ಎಳೆದುಕೋ ಎಂದು ಚಿಪ್ಪಿಗೆ ಹೇಳಿದೆ. ಕಪ್ಪು ಹೋಯಿತು, ಆದರೆ ಹಿಗ್ಗಿಸಿದಾಗ ಎರಡು ಚೌಕ ಕೂಡುವಲ್ಲಿ ಬಣ್ಣ ಹಂತಹಂತವಾಗಿ ಸಾಗದೆ ಮೆಟ್ಟಿಲಿನಂತೆ ಧುಮುಕುತ್ತಿತ್ತು. ಆಮೇಲೆ ಜಾಣತನ ಮಾಡಿ ಮೊದಲ ಚುಕ್ಕಿಯನ್ನೇ ಎಡ ಅಂಚಿಗೂ ಕೊನೆಯ ಚುಕ್ಕಿಯನ್ನೇ ಬಲ ಅಂಚಿಗೂ ಎಳೆದು ಕೂರಿಸಿದೆ. 256 ಚುಕ್ಕಿ, 255 ಸಂದು. ನೋಡಲು ನುಣ್ಣಗಾಯಿತು. ಆದರೆ ಒಂದು ಚೌಕದ ಕೊನೆಯ ಚುಕ್ಕಿಯೂ ಮುಂದಿನ ಚೌಕದ ಮೊದಲ ಚುಕ್ಕಿಯೂ ಒಂದೇ ಜಾಗದಲ್ಲಿ ಬಿದ್ದವು. ಅವುಗಳ ನಡುವಿನ ಸಂದನ್ನು ನಾನು ನುಂಗಿಬಿಟ್ಟಿದ್ದೆ. ಓರೆಯಾಗಿ ಇಳಿದ ಉಳಿಯ ಗೆರೆ ಅಲ್ಲಿ ಮುರಿದು ಜೋಡಿಸಿದ ಕೋಲಿನಂತೆ ಕಾಣುತ್ತಿತ್ತು. ಇದು ಮೊದಲಿನದಕ್ಕಿಂತ ಕೆಟ್ಟ ತಪ್ಪು. ಕಪ್ಪು ಗೆರೆ ಕಣ್ಣಿಗೆ ಬೀಳುತ್ತದೆ, ಅದನ್ನು ಕೇಳಬಹುದು. ನುಣ್ಣಗೆ ಕಾಣೆಯಾದದ್ದನ್ನು ಯಾರು ಕೇಳುತ್ತಾರೆ?

ಕೊನೆಗೆ ಮಾಡಬೇಕಾದ್ದನ್ನು ಮಾಡಿದೆ. ಪ್ರತಿ ಚೌಕವನ್ನು ಕತ್ತರಿಸುವಾಗ ಸುತ್ತಲೂ ನೆರೆಮನೆಯ ಒಂದೊಂದು ಪಿಕ್ಸೆಲ್ ಸೇರಿಸಿಕೊಂಡು 258ರ ಚೌಕ ಮಾಡಿದೆ. ವಿಳಾಸವನ್ನು ಸೊನ್ನೆಯಿಂದ ಒಂದರ ಬದಲು 258ರಲ್ಲಿ 1ನೇ ಪಾಲಿನಿಂದ 257ನೇ ಪಾಲಿನವರೆಗೆ ಕೊಟ್ಟೆ. ಆಗ ನನ್ನ ಮೊದಲ ಚುಕ್ಕಿ ಒಂದೂವರೆಯಲ್ಲಿ, ಕೊನೆಯದು 256ಊವರೆಯಲ್ಲಿ. ಅಂಚಿನಲ್ಲಿ ನಿಂತು ಕೇಳಿದರೆ ಎಡಕ್ಕೂ ನಿಜವಾದ ಚುಕ್ಕಿ, ಬಲಕ್ಕೂ ನಿಜವಾದ ಚುಕ್ಕಿ. ಆ ಒಂದು ಪಿಕ್ಸೆಲ್ಲಿನ ಅಂಚು ನನ್ನ ಸೂಕ್ಷ್ಮದರ್ಶಕ. ಒಂದು ಕಣ್ಣು ಈ ಚೌಕದಲ್ಲಿ, ಇನ್ನೊಂದು ಪಕ್ಕದ ಚೌಕದಲ್ಲಿ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು 3ಡಿ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಬೆಳಕನ್ನು ಯಾವ ಮಗ್ಗುಲಿನಿಂದಲಾದರೂ ಬೀಳಿಸಿ ಅಕ್ಷರ ಓದಬಹುದಾದ ದಾಖಲೆಗಳವು. ಅವುಗಳ ಮುಂದೆ ನನ್ನ ಫೋನಿನ ಚಿತ್ರ ಮಕ್ಕಳಾಟ. ಆದರೂ ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ. ರಸ್ತೆ ಅಗಲವಾಗುತ್ತದೆ, ಪಾಯ ತೋಡುತ್ತಾರೆ, ಕಲ್ಲು ಒಡೆಯುತ್ತದೆ. ಮುಂದೊಂದು ದಿನ ಕಲ್ಲಿಲ್ಲದೆ ದಾಖಲೆಯಷ್ಟೇ ಉಳಿದರೆ, ಆಗ ಮೇಷ್ಟ್ರು ಕೇಳಿದ ಪ್ರಶ್ನೆಗೆ ಹೋಗಿ ನೋಡಿ ಉತ್ತರ ಹೇಳಲಾಗುವುದಿಲ್ಲ. ಪರದೆಯ ಮೇಲಿನ ಗೆರೆಯೇ ಕಲ್ಲಿನ ಗೆರೆಯಾಗಿಬಿಡುತ್ತದೆ. ಅಷ್ಟರೊಳಗೆ ಅರ್ಧವನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಿರಬೇಕು. ಅದು ಏಕೆ ಅಲ್ಲಿದೆ ಎಂದೂ ಬರೆದಿಟ್ಟಿರಬೇಕು. ನನ್ನ ಪ್ರೋಗ್ರಾಮಿನಲ್ಲಿ ಆ ಅರ್ಧದ ಪಕ್ಕ 'ತೆಗೆಯಬೇಡಿ' ಎಂದಷ್ಟೇ ಬರೆದು ಬಿಡಲಿಲ್ಲ. ಚುಕ್ಕಿ ಮನೆಯ ನಡುವಿದೆ, ಅದಕ್ಕೆ ಅರ್ಧ ಎಂದು ಕನ್ನಡದಲ್ಲೇ ಬರೆದೆ.

ಮುಂದಿನ ಭಾನುವಾರ ಮೇಷ್ಟ್ರನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋದೆ. ಪರದೆಯಲ್ಲಿ ಸರಿಯಾಗಿದೆ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕಲ್ಲಿನ ಮುಂದೆ ಬಾಗಿ, ಮೊದಲು ಬೆರಳಿಟ್ಟಿದ್ದ ಆ ಅಕ್ಷರ ಹುಡುಕಿದರು. ಕೈಯಲ್ಲಿದ್ದ ನನ್ನ ಫೋನಿನೊಂದಿಗೆ ಒಂದೊಂದೇ ಗೆರೆ ತಾಳೆ ನೋಡಿದರು. ಆಮೇಲೆ ಎದ್ದು ನಿಂತು, ಮಂಡಿ ತಿಕ್ಕಿಕೊಳ್ಳುತ್ತಾ, "ಈಗ ಓದಬಹುದು" ಎಂದರು.